ಮುಂಬಯಿ ಮಾವನೂ ಲಿಂಕ್ಡ್‌ಇನ್ ಖಾತೆಯೂ

ರಾತ್ರಿಯಾಯಿತೆಂದರೆ ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ, ಕೋಟೇಶ್ವರ, ಬೀಜಾಡಿ, ಕುಂಭಾಶಿ, ತೆಕ್ಕಟ್ಟೆಯ ಬಸ್‌ಸ್ಟಾಪುಗಳಲ್ಲಿ ಚೀಲ ಹಿಡಿದು ನಿಂತವರು ಕಾಣಸಿಗುತ್ತಾರೆ. ಬೆಂಗಳೂರಿನ ಬಸ್ಸಿಗೆ ಕಾಯುವವರು ಇವರು. ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದರಲ್ಲಿ ಕುಚ್ಚಲಕ್ಕಿ, ತೆಂಗಿನಕಾಯಿ, ಒಣಮೀನು. ಎರಡನೆಯ ಚೀಲ ಸಾಮಾನ್ಯವಾಗಿ ಹೊತ್ತವರದ್ದಲ್ಲ, ಬೆಂಗಳೂರಿನಲ್ಲಿರುವ ಅಣ್ಣನ ಮನೆಗೋ ಮಾವನ ಮನೆಗೋ ತಲುಪಿಸಬೇಕಾದದ್ದು. ಮೊದಲ ಸಲ ಊರು ಬಿಡುವ ಹುಡುಗನಾದರೆ ಆ ಮಾವನ ಮನೆಯ ಹಾಲಿನಲ್ಲೇ ಒಂದೆರಡು ತಿಂಗಳು ಮಲಗುವ ಏರ್ಪಾಡು ಆಗಲೇ ಆಗಿರುತ್ತದೆ.

ಕೆಲಸ ಹುಡುಕಿಕೊಂಡು ಊರು ಬಿಡುವುದರಲ್ಲಿ ಕುಂದಾಪುರದ ಕಡೆಯವರಿಗೆ ನೂರು ವರ್ಷದ ಅನುಭವ ಉಂಟು. ಇಂದಿನ ಬ್ರಹ್ಮಾವರ ತಾಲ್ಲೂಕಿನ ಪಾರಂಪಳ್ಳಿಯಿಂದ ಹೊರಟ ಮಯ್ಯ ಸಹೋದರರು ಬೆಂಗಳೂರಿನ ಮನೆಗಳಲ್ಲಿ ಅಡುಗೆ ಮಾಡಿಕೊಂಡಿದ್ದು, 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ತೆರೆದರು. ಮುಂದೆ ಅದೇ ಮಾವಳ್ಳಿ ಟಿಫಿನ್ ರೂಮ್, ಅಂದರೆ ನಾವೆಲ್ಲ ಬಲ್ಲ ಎಂಟಿಆರ್ ಆಯಿತು. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರು ಊಟದ ಮನೆ ಆರಂಭಿಸಿದ್ದು 1942ರಲ್ಲಿ. ಇವೆಲ್ಲ ಹೆಸರು ಮಾಡಿದವರ ಕತೆ. ಹೆಸರು ಮಾಡದ ಸಾವಿರಾರು ಜನ ಅದೇ ದಾರಿಯಲ್ಲಿ ಹೋದರು: ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ಗಲ್ಲಾದಲ್ಲಿ ಕೂತು, ಕೊನೆಗೆ ಸಾಲ ಮಾಡಿ ಸ್ವಂತ ಹೋಟೆಲಿನ ಬೋರ್ಡು ಹಾಕಿದವರು. ಪ್ರತಿಯೊಬ್ಬನ ಹಿಂದೆಯೂ ಅವನಿಗಿಂತ ಮುಂಚೆ ಹೋದವನೊಬ್ಬ ಇದ್ದ. ಅರ್ಜಿ ಇಲ್ಲ, ಸಂದರ್ಶನ ಇಲ್ಲ. ಕೋಟೇಶ್ವರದ ಕೊಡಿ ಹಬ್ಬಕ್ಕೆ ಊರಿಗೆ ಬಂದ ಮುಂಬಯಿ ನೆಂಟನ ಹತ್ತಿರ ಹುಡುಗನ ತಾಯಿ ಹೇಳುವ ಒಂದು ಮಾತು ಸಾಕಿತ್ತು: “ಹ್ವಾಯ್, ನಮ್ ಮಾಣಿಗೊಂದ್ ಕೆಲ್ಸ ಕಾಣಿ ಮರ್ರೆ.”

ಆ ಮಾತಿನ ಬೆನ್ನಿಗೆ ಸಂಘಗಳಿದ್ದವು. ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಬಂಟರಿಗೂ ಬಿಲ್ಲವರಿಗೂ ತಮ್ಮ ತಮ್ಮ ಸಂಘಗಳು ಬಂದವು. ಇವು ನಡೆಸಿದ ಕನ್ನಡ ರಾತ್ರಿಶಾಲೆಗಳಲ್ಲಿ, ಹಗಲು ಟೇಬಲ್ಲು ಒರೆಸಿ ರಾತ್ರಿ ಓದಿ ಮೆಟ್ರಿಕ್ ಮುಗಿಸಿ ಬ್ಯಾಂಕು, ಕಚೇರಿ ಸೇರಿದ ಒಂದು ತಲೆಮಾರೇ ಇದೆ. ಇಂದು ‘ನೆಟ್‌ವರ್ಕಿಂಗ್’ ಎಂಬ ಹೆಸರಿನಲ್ಲಿ ಕಾಲೇಜುಗಳಲ್ಲಿ ತರಬೇತಿ ಕೊಡುವವರು ಹೇಳುವ ಬಹುಪಾಲು ಸಂಗತಿಗಳನ್ನು ಈ ಜನ ಯಾರಿಂದಲೂ ಕಲಿಯದೆ ಮಾಡಿ ಮುಗಿಸಿದ್ದರು. ಸಿನಿಮಾದಂಥ ಸಿನಿಮಾಕ್ಕೂ ಇದೇ ಹಾದಿ. ಬೀಜಾಡಿಗೆ ತಾಗಿಕೊಂಡೇ ಇರುವ ಕೋಟೇಶ್ವರದ ನಿರ್ದೇಶಕ ಕಾಶೀನಾಥ್ ಅವರ ಬಳಿಗೆ ಉಪೇಂದ್ರ ಸಹಾಯಕನಾಗಿ ಸೇರಿಕೊಂಡಾಗ ನಡುವೆ ದೂರದ ನೆಂಟಸ್ತಿಕೆ ಇತ್ತು.

ಹಾಗಿದ್ದ ಮೇಲೆ 2003ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಶುರುವಾದ, ಮೈಕ್ರೋಸಾಫ್ಟ್ ಕಂಪನಿ 2016ರಲ್ಲಿ 2,620 ಕೋಟಿ ಡಾಲರ್‌ಗೆ ಕೊಂಡ ಲಿಂಕ್ಡ್‌ಇನ್ ಎಂಬ ಜಾಲತಾಣ ಬೀಜಾಡಿಯ ಹುಡುಗನಿಗೋ ಹುಡುಗಿಗೋ ಹೊಸದಾಗಿ ಏನು ಕೊಡುತ್ತದೆ? ಭಾರತದಲ್ಲಿ ಅದರ ಖಾತೆದಾರರು 10 ಕೋಟಿ ದಾಟಿದ್ದಾರೆ; ಅಮೆರಿಕವನ್ನು ಬಿಟ್ಟರೆ ನಮ್ಮದೇ ದೊಡ್ಡ ಸಂಖ್ಯೆ. ಪದವಿಯ ಕೊನೆಯ ವರ್ಷಕ್ಕೆ ಬಂದವರೆಲ್ಲ ಒಂದು ಖಾತೆ ತೆರೆದಿರುತ್ತಾರೆ. ತೆರೆದು ಕ್ಲಾಸಿನ ಗೆಳೆಯರನ್ನೂ ಅತ್ತೆ ಮಗನನ್ನೂ ಸೇರಿಸಿಕೊಂಡು ಸುಮ್ಮನಾಗುತ್ತಾರೆ. ಆರು ತಿಂಗಳಾದ ಮೇಲೆ, “ಅದ್ರಂಗೆ ಎಂತದೂ ಇಲ್ಲ” ಎನ್ನುತ್ತಾರೆ.

ಇಲ್ಲದಿರುವುದಕ್ಕೆ ಕಾರಣ ಆ ಗೆಳೆಯರೂ ಅತ್ತೆ ಮಗನೂ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲಿ ಇದನ್ನು ಒಂದು ಪ್ರಬಂಧದಲ್ಲಿ ವಿವರಿಸಿದ. ಬಾಸ್ಟನ್ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಅವನು ಮಾತಾಡಿಸಿದ್ದ. ಕೆಲಸದ ಸುಳಿವು ಕೊಟ್ಟವರು ನಿಮ್ಮ ಗೆಳೆಯರೇ ಎಂದು ಕೇಳಿದರೆ, “ಗೆಳೆಯನಲ್ಲ, ಪರಿಚಯ ಅಷ್ಟೇ” ಎಂದು ಅವರು ತಿದ್ದುತ್ತಿದ್ದರಂತೆ. ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ ಆ ಪರಿಚಯದವರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಯಾವಾಗಲೋ ಒಮ್ಮೆ ಸಿಗುತ್ತಿದ್ದವರಿಂದ, ವರ್ಷಕ್ಕೊಮ್ಮೆಯೂ ಕಾಣದವರಿಂದ ಉಳಿದವರಿಗೆ ಸುದ್ದಿ ಬಂದಿತ್ತು. ನಮ್ಮ ಹತ್ತಿರದವರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ. ಗೊತ್ತಿಲ್ಲದ ಸುದ್ದಿ ಬರಬೇಕಾದರೆ ಅದು ಬೇರೊಂದು ಬಳಗದಲ್ಲಿ ಓಡಾಡುವವನಿಂದಲೇ ಬರಬೇಕು.

ಮಾತು ಸರಿಯೇ ಎಂದು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಯಾದದ್ದು ಅರ್ಧ ಶತಮಾನದ ಬಳಿಕ, ಲಿಂಕ್ಡ್‌ಇನ್‌ನಲ್ಲೇ. ‘ನಿಮಗೆ ಇವರು ಗೊತ್ತಿರಬಹುದು’ ಎಂದು ಆ ತಾಣ ಮುಖಗಳನ್ನು ತೋರಿಸುತ್ತದಲ್ಲ, ಅದರ ಲೆಕ್ಕಾಚಾರವನ್ನು ಕೆಲವರಿಗೆ ಒಂದು ಬಗೆ, ಕೆಲವರಿಗೆ ಇನ್ನೊಂದು ಬಗೆ ಮಾಡಿ, ಐದು ವರ್ಷಗಳ ಅವಧಿಯಲ್ಲಿ 2 ಕೋಟಿ ಖಾತೆದಾರರ ಮೇಲೆ ಪ್ರಯೋಗ ನಡೆಸಿದರು. ಫಲಿತಾಂಶ 2022ರ ಸೆಪ್ಟೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. (ಪ್ರಯೋಗಕ್ಕೆ ಒಳಗಾದವರಿಗೆ ಅದರ ಅರಿವೇ ಇರಲಿಲ್ಲ ಎಂಬ ಆಕ್ಷೇಪವೂ ಜೊತೆಗೇ ಬಂತು. ಬಿಟ್ಟಿ ಸೇವೆ ಕೊಡುವವನು ನಮ್ಮನ್ನು ಯಾವ ಕೆಲಸಕ್ಕೆ ಇಟ್ಟುಕೊಂಡಿದ್ದಾನೆ ಎಂಬುದು ನೆನಪಿರುವುದು ಒಳ್ಳೆಯದು.) ಗ್ರಾನೊವೆಟರ್ ಹೇಳಿದ್ದು ಹೆಚ್ಚುಕಡಿಮೆ ನಿಜವಾಯಿತು, ಸಣ್ಣ ತಿದ್ದುಪಡಿಯೊಂದಿಗೆ. ತೀರಾ ಅಪರಿಚಿತರಿಂದಲೂ ಹೆಚ್ಚು ಲಾಭವಿಲ್ಲ, ತೀರಾ ಹತ್ತಿರದವರಿಂದಲೂ ಇಲ್ಲ. ನಡುವಿನ ಸ್ವಲ್ಪ ಪರಿಚಯದವರಿಂದ, ಅಂದರೆ ಇಬ್ಬರಿಗೂ ಗೊತ್ತಿರುವವರು ಸುಮಾರು ಹತ್ತು ಮಂದಿ ಇದ್ದಾರೆ ಎನ್ನುವಂಥವರಿಂದ ಕೆಲಸ ಬದಲಾಗುವ ಸಾಧ್ಯತೆ ಹೆಚ್ಚು.

ಅದೇ ಅಧ್ಯಯನದ ಇನ್ನೊಂದು ಸಾಲು ನಮ್ಮ ಕರಾವಳಿಗೆ ಹೇಳಿ ಬರೆಸಿದಂತಿದೆ. ಸಾಫ್ಟ್‌ವೇರ್, ದೂರದಿಂದಲೇ ಮಾಡಬಹುದಾದ ಕೆಲಸ, ಕಂಪ್ಯೂಟರ್ ಬಳಕೆ ಹೆಚ್ಚಿರುವ ಉದ್ಯಮಗಳಲ್ಲಿ ಈ ಅರೆಪರಿಚಯ ಚೆನ್ನಾಗಿ ಫಲಿಸುತ್ತದೆ. ಕಂಪ್ಯೂಟರ್ ಅಷ್ಟಾಗಿ ಹೊಕ್ಕಿರದ ಕಸುಬುಗಳಲ್ಲಿ ಗಟ್ಟಿ ಸಂಬಂಧವೇ ಮೇಲು. ಹಾಗಾಗಿ ಹೋಟೆಲಿನ ಭಟ್ಟರ ಕೆಲಸಕ್ಕೆ, ಗಂಗೊಳ್ಳಿಯ ಬೋಟಿನ ಕೆಲಸಕ್ಕೆ ಲಿಂಕ್ಡ್‌ಇನ್ ಖಾತೆ ತೆರೆಯುವುದು ವ್ಯರ್ಥ ಕಸರತ್ತು. ಮುಂಬಯಿ ಮಾವನ ಫೋನ್ ನಂಬರು ಅದಕ್ಕಿಂತ ಎಷ್ಟೋ ಪಾಲು ಬೆಲೆಯುಳ್ಳದ್ದು. ಬೋಟಿನ ಮಾಲೀಕನಿಗೆ ಬೇಕಾದದ್ದು ಈ ಮನುಷ್ಯ ಮುಂಗಡ ತೆಗೆದುಕೊಂಡು ಕೈಕೊಡುವುದಿಲ್ಲ ಎಂಬ ಭರವಸೆ. ಅದನ್ನು ಯಾವ ಪ್ರೊಫೈಲೂ ಕೊಡಲಾರದು, ಕೊಟ್ಟರೆ ಅವನ ಅಣ್ಣನೇ ಕೊಡಬೇಕು.

ನೆಂಟಸ್ತಿಕೆಯ ಈ ಹಳೆಯ ಬಲೆಯ ಬಗ್ಗೆ ಹೆಮ್ಮೆಯಿಂದ ಇಷ್ಟು ಹೇಳಿದ ಮೇಲೆ ಅದರ ತೂತುಗಳನ್ನೂ ತೋರಿಸಬೇಕು. ಮಾವ ಎಲ್ಲಿದ್ದಾನೋ ಅಲ್ಲಿಗೇ ಅದು ನಿಮ್ಮನ್ನು ಒಯ್ಯುತ್ತದೆ. ಮಾವ ಹೋಟೆಲಿನಲ್ಲಿದ್ದರೆ ಹೋಟೆಲಿಗೆ, ಬೇಕರಿಯಲ್ಲಿದ್ದರೆ ಬೇಕರಿಗೆ. ಚಿತ್ರ ಬಿಡಿಸುವ, ಲೆಕ್ಕದಲ್ಲಿ ಮುಂದಿರುವ ಹುಡುಗನೂ ಮೊದಲು ಗಲ್ಲಾದಲ್ಲಿ ಕೂರಬೇಕಾಗುತ್ತದೆ, ಆಮೇಲೆ ಅಲ್ಲಿಂದ ಏಳುವುದೇ ಇಲ್ಲ. ಜಾತಿಯ ಗೆರೆಯಂತೂ ಇದ್ದೇ ಇತ್ತು. ಬಂಟರ ಹೋಟೆಲಿಗೆ ಹೋಗಬೇಕಾದ ಹುಡುಗ ಯಾರು, ಬ್ರಾಹ್ಮಣರ ಅಡುಗೆಮನೆಗೆ ಹೋಗಬೇಕಾದವನು ಯಾರು ಎಂಬುದು ಊರಲ್ಲೇ ತೀರ್ಮಾನವಾಗಿರುತ್ತಿತ್ತು. ನೆಂಟರೇ ಇಲ್ಲದ ಕೊರಗರ ಕೇರಿಯಿಂದ ಹೊರಟವನಿಗೆ ಆ ತುದಿಯಲ್ಲಿ ಯಾರೂ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ತೂತು ಹೆಣ್ಣುಮಕ್ಕಳದ್ದು. ಕೊಡಿ ಹಬ್ಬದ ದಿನ “ನಮ್ ಹೆಣ್ಣಿಗೊಂದ್ ಕೆಲ್ಸ ಕಾಣಿ” ಎಂದವರು ಕಡಿಮೆ. ಅವಳಿಗಾಗಿ ಕಾಣುತ್ತಿದ್ದದ್ದು ಗಂಡು.

ಕೈವಾನ್ ಮುನ್ಷಿ ಮತ್ತು ಮಾರ್ಕ್ ರೋಸೆನ್ಸ್‌ವೈಗ್ ಎಂಬ ಅರ್ಥಶಾಸ್ತ್ರಜ್ಞರು ಮುಂಬಯಿಯ ದಾದರ್‌ನಲ್ಲಿ ಮರಾಠಿ ಕುಟುಂಬಗಳ ಮಕ್ಕಳ ಶಾಲೆಯ ಆಯ್ಕೆಯನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಗಿರಣಿ, ಬಂದರು, ಕಾರ್ಖಾನೆಗಳಲ್ಲಿ ಜಾತಿಬಲದಿಂದ ಕೆಲಸ ಕೊಡಿಸುವ ಜಾಲವಿದ್ದ ಸಮುದಾಯಗಳ ಗಂಡುಮಕ್ಕಳು ಮರಾಠಿ ಶಾಲೆಗೇ ಹೋಗುತ್ತಿದ್ದರು. ಕೆಲಸ ಹೇಗೂ ಅಪ್ಪನ ದಾರಿಯಲ್ಲಿ ಸಿಗುತ್ತದಲ್ಲ. ಅಂಥ ಜಾಲವಿಲ್ಲದ ಅದೇ ಮನೆಗಳ ಹೆಣ್ಣುಮಕ್ಕಳು ಇಂಗ್ಲಿಷ್ ಶಾಲೆಗಳತ್ತ ಬೇಗ ತಿರುಗಿದರು. ಆಸರೆಯಾಗಿದ್ದ ಜಾಲವೇ ಗಂಡುಮಕ್ಕಳ ಕಾಲಿಗೆ ತೊಡಕಾಯಿತು, ಜಾಲದ ಹೊರಗಿದ್ದದ್ದು ಹೆಣ್ಣುಮಕ್ಕಳಿಗೆ ಬಿಡುಗಡೆಯಾಯಿತು. ಇದನ್ನು ಓದಿದಾಗ ನನಗೆ ದಾದರಿಗಿಂತ ಹೆಚ್ಚಾಗಿ ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಬೆಳಿಗ್ಗೆ ಬಸ್ಸಿಳಿದು ಕಾಲೇಜಿನತ್ತ ನಡೆಯುವ ಹುಡುಗಿಯರು ನೆನಪಾದರು. ಲಿಂಕ್ಡ್‌ಇನ್‌ನಂಥ ತಾಣ ಯಾರಿಗಾದರೂ ನಿಜವಾಗಿ ಬೇಕಿದ್ದರೆ ಅದು ಇವರಿಗೆ.

ಹಾಗಾಗಿ ಒಬ್ಬ ಹುಡುಗಿಯನ್ನೇ ಊಹಿಸಿಕೊಳ್ಳೋಣ. ಮನೆ ಬೀಜಾಡಿ, ಅಪ್ಪ ಮೀನಿನ ವ್ಯಾಪಾರ. ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಪೇಟೆಯ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಕೆಲಸ. ಅಂಗಡಿ, ಹೋಟೆಲು, ಗೇರುಬೀಜ ಕಾರ್ಖಾನೆಗಳ ಲೆಕ್ಕ ಅವಳ ಕೈಯಲ್ಲಿದೆ. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ಸಲ್ಲಿಸುವುದು. ಅವಳ ಲಿಂಕ್ಡ್‌ಇನ್ ಖಾತೆಯ ತಲೆಬರಹದಲ್ಲಿ ಏನಿದೆ? ‘ಸ್ಟೂಡೆಂಟ್’ ಎಂದಿದೆ. ಮೂರು ವರ್ಷದ ಹಿಂದೆ ಕಾಲೇಜಿನಲ್ಲಿ ತೆರೆಸಿದ್ದು, ಆಮೇಲೆ ಮುಟ್ಟಿಲ್ಲ.

ಬೆಂಗಳೂರಿನ ಕಂಪನಿಯ ನೇಮಕಾತಿ ಮಾಡುವವರು ಜನರನ್ನು ಹುಡುಕುವುದು ಪದಗಳಿಂದ. ‘ಜಿಎಸ್‌ಟಿ ರಿಟರ್ನ್’, ‘ಟ್ಯಾಲಿ ಪ್ರೈಮ್’, ‘ಟಿಡಿಎಸ್’, ‘ಬ್ಯಾಂಕ್ ರಿಕನ್ಸಿಲಿಯೇಶನ್’ ಎಂದು ಟೈಪ್ ಮಾಡುತ್ತಾರೆ, ಊರು ಆರಿಸುತ್ತಾರೆ, ಅನುಭವ ಇಷ್ಟು ವರ್ಷ ಎಂದು ಹಾಕುತ್ತಾರೆ. ‘ಶ್ರಮಜೀವಿ’, ‘ಉತ್ಸಾಹಿ’, ‘ಹೊಸತನ್ನು ಕಲಿಯುವ ಹಂಬಲವುಳ್ಳವಳು’ ಎಂದು ಯಾರೂ ಹುಡುಕುವುದಿಲ್ಲ. ತಲೆಬರಹಕ್ಕೆ 220 ಅಕ್ಷರಗಳ ಜಾಗವಿದೆ. ಅದರಲ್ಲಿ ಅವಳು ಮಾಡುವ ಕೆಲಸದ ಹೆಸರುಗಳು ಇದ್ದ ಹಾಗೇ ಇರಬೇಕು. ಅನುಭವದ ಜಾಗದಲ್ಲಿ, ಎಷ್ಟು ಗಿರಾಕಿಗಳ ಲೆಕ್ಕ ನೋಡುತ್ತಾಳೆ, ಇಲಾಖೆಯ ನೋಟಿಸು ಬಂದಾಗ ಉತ್ತರದ ಕರಡನ್ನು ತಾನೇ ಬರೆಯುತ್ತಾಳೆಯೇ ಎಂಬುದು. ಗಿರಾಕಿಗಳ ಹೆಸರು ಮಾತ್ರ ಬೇಡ, ಅದು ಕಚೇರಿಯ ಗುಟ್ಟು.

ನಮ್ಮವರಿಗೆ ಕಷ್ಟವಾಗುವುದು ಇಲ್ಲೇ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವವನನ್ನು ಕುಂದಾಪುರದ ಕಡೆ ಸಲೀಸಾಗಿ ಬಿಡುವುದಿಲ್ಲ. ಬಸ್‌ಸ್ಟಾಪಿನಲ್ಲೇ ಆಡಿಕೊಂಡು ನೆಲಕ್ಕಿಳಿಸುತ್ತಾರೆ. ಲಿಂಕ್ಡ್‌ಇನ್ ನೋಡಿದರೆ ಆ ಹೆದರಿಕೆ ಇನ್ನೂ ಹೆಚ್ಚುತ್ತದೆ. ಕಂಪನಿ ಕೊಟ್ಟ ಟೀ ಕಪ್ಪಿನ ಫೋಟೊ ಹಾಕಿ ‘ಧನ್ಯತೆ’ ಎಂದು ಬರೆಯುವವರು, ಮಗು ನಡೆಯಲು ಕಲಿತದ್ದರಿಂದ ತಂಡ ಕಟ್ಟುವ ಪಾಠ ತೆಗೆಯುವವರು, ಎಲ್ಲರೂ ಅಲ್ಲಿದ್ದಾರೆ. ಅವರಂತೆ ಬರೆಯಬೇಕಾಗಿಲ್ಲ. ದಿನಕ್ಕೊಂದು ಪೋಸ್ಟ್ ಹಾಕಿ ಎಂದು ಹೇಳಿಕೊಡುವವರ ಮಾತನ್ನು ನಾನು ನಂಬುವುದೂ ಇಲ್ಲ; ಅದು ಆ ತಾಣಕ್ಕೆ ಬೇಕು, ಕೆಲಸ ಹುಡುಕುವವಳಿಗಲ್ಲ. ಮಾಡಿದ ಕೆಲಸವನ್ನು ಇದ್ದಂತೆ ಬರೆದಿಡುವುದು ಬಡಾಯಿ ಅಲ್ಲ. ಹೋಟೆಲು ತೆರೆದವರು ಬೋರ್ಡು ಹಾಕಿಸಲು ನಾಚಿಕೊಂಡದ್ದುಂಟೇ?

ಭಾಷೆಯ ತೊಡಕು ಇನ್ನೊಂದು. ಲಿಂಕ್ಡ್‌ಇನ್ 2021ರ ಡಿಸೆಂಬರಿನಲ್ಲಿ ಹಿಂದಿಗೆ ಬಂತು, ಆಮೇಲೆ ತೆಲುಗು, ಮರಾಠಿ, ಬಂಗಾಳಿ, ಪಂಜಾಬಿಗಳಿಗೂ. ಆ ತಾಣಕ್ಕೆ ಬೆಂಗಳೂರಿನಲ್ಲೇ ದೊಡ್ಡ ಕಚೇರಿ ಇದ್ದರೂ ಕನ್ನಡ ಆ ಸಾಲಿಗೆ ಸೇರಿದ್ದು ಕಾಣಲಿಲ್ಲ. ಪ್ರೊಫೈಲಂತೂ ಇಂಗ್ಲಿಷಿನಲ್ಲೇ ಇರಬೇಕಾಗುತ್ತದೆ, ಹುಡುಕುವವರು ಹುಡುಕುವುದು ಆ ಭಾಷೆಯಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಹೆದರಿ ದೂರ ನಿಲ್ಲುವುದನ್ನು ಬಹಳ ಕಂಡಿದ್ದೇನೆ. ಲೆಕ್ಕದ ಕೆಲಸದ ಇಂಗ್ಲಿಷು ಎಷ್ಟು, ಇನ್ನೂರು ಪದ. ಅವೆಲ್ಲ ಅವಳ ಬಾಯಲ್ಲಿ ದಿನವೂ ಓಡಾಡುವಂಥವೇ.

ಇನ್ನು ಆ ‘ಸ್ವಲ್ಪ ಪರಿಚಯದವರು’ ಎಲ್ಲಿಂದ ಬರಬೇಕು? ಬೀಜಾಡಿಯಲ್ಲಿ ಹುಟ್ಟಿದವಳಿಗೆ ಅವರು ಬೇಕಾದಷ್ಟಿದ್ದಾರೆ, ಪಟ್ಟಿ ಮಾಡಿಕೊಂಡಿಲ್ಲ ಅಷ್ಟೆ. ಭಂಡಾರ್ಕಾರ್ಸ್ ಕಾಲೇಜು 1963ರಿಂದ ನಡೆಯುತ್ತಿದೆ. ಲಿಂಕ್ಡ್‌ಇನ್‌ನಲ್ಲಿ ಪ್ರತಿ ಕಾಲೇಜಿನ ಪುಟದಲ್ಲೂ ಹಳೆಯ ವಿದ್ಯಾರ್ಥಿಗಳನ್ನು ಹುಡುಕುವ ಜಾಗವಿದೆ: ಯಾವ ಊರಲ್ಲಿದ್ದಾರೆ, ಯಾವ ಕಂಪನಿ, ಎಂಥ ಕೆಲಸ ಎಂದು ಸೋಸಿ ನೋಡಬಹುದು. ಬೆಂಗಳೂರು, ಹಣಕಾಸು ವಿಭಾಗ ಎಂದು ಸೋಸಿದರೆ ಹೆಸರುಗಳು ಬರುತ್ತವೆ. ಅವರಲ್ಲಿ ಅರ್ಧಕ್ಕರ್ಧ ಜನರಿಗೆ ಪಾಠ ಹೇಳಿದ ಮೇಷ್ಟ್ರೇ ಅವಳಿಗೂ ಹೇಳಿರುತ್ತಾರೆ. ಇದೇ ರೀತಿ ಮೂಡ್ಲಕಟ್ಟೆಯ ಎಂಜಿನಿಯರಿಂಗ್ ಕಾಲೇಜಿನವರಿಗೆ ಅಲ್ಲಿನ ಹಿರಿಯರು. ಬೆಂಗಳೂರಿಗೇ ಹೋಗಬೇಕೆಂಬ ಹಟ ಇಲ್ಲದವರಿಗೆ ಉಡುಪಿಯಲ್ಲಿ 1996ರಲ್ಲೇ ಆರಂಭವಾದ ರೋಬೋಸಾಫ್ಟ್‌ನಂಥ ಕಂಪನಿಗಳಿವೆ. ಆಷಾಢ ಅಮಾವಾಸ್ಯೆಯ ಹೊತ್ತಿಗೆ ನಡೆಯುವ ಕುಂದಾಪ್ರ ಕನ್ನಡ ದಿನದ ಕಾರ್ಯಕ್ರಮಗಳಿಗೆ ಬೆಂಗಳೂರಿನಲ್ಲಿ ಸೇರುವವರಲ್ಲಿ ಕಂಪನಿಗಳ ಮೇಲಿನ ಹುದ್ದೆಯವರು ಎಷ್ಟು ಮಂದಿಯೋ. ಹಾಡು, ಕೋಳಿಸಾರಿನ ಮಾತಾದ ಮೇಲೆ ಕೆಲಸದ ಮಾತೂ ಅಲ್ಲಿ ನಡೆಯುತ್ತದೆ. ಹಳೆಯ ಕೊಡಿ ಹಬ್ಬದ ಮಾತುಕತೆಯೇ ಊರು ಬದಲಿಸಿದೆ. ಈ ಸಲ ಹೆಣ್ಣುಮಕ್ಕಳೂ ಅದರಲ್ಲಿದ್ದಾರೆ.

ಕರಾವಳಿಯ ಹೆಸರುಗಳ ಬಗ್ಗೆ ಒಂದು ಮಾತು. ಶೆಟ್ಟಿ, ಪೂಜಾರಿ, ಖಾರ್ವಿ, ದೇವಾಡಿಗ, ಆಚಾರ್ಯ, ಅಡಿಗ ಎಂದರೆ ಊರಿನವರಿಗೆ ಜಾತಿ ಕೇಳುವ ಅಗತ್ಯವೇ ಇಲ್ಲ. ಜಾಲತಾಣದಲ್ಲಿ ಆ ಹೆಸರು ಫೋಟೊದ ಪಕ್ಕದಲ್ಲೇ ದಪ್ಪಕ್ಷರದಲ್ಲಿರುತ್ತದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟವೆಲ್ ಒಂದೇ ಬಗೆಯ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಕುಲನಾಮಗಳಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಕರೆ ಬಂದದ್ದು ಮೇಲ್ಜಾತಿಯ ಹೆಸರುಗಳಿಗಿಂತ ಕಡಿಮೆ. ಹೊಸ ತಾಣ ಹಳೆಯ ಗೆರೆಗಳನ್ನು ಅಳಿಸಿಬಿಡುತ್ತದೆ ಎಂದು ನಂಬಿಸುವವರಿಗೆ ಈ ಲೆಕ್ಕ ತೋರಿಸಬೇಕು. ಆದರೂ ಒಂದು ವ್ಯತ್ಯಾಸವಿದೆ: ಮಾವನ ಫೋನಿನ ಜಗತ್ತಿನಲ್ಲಿ ಮಾವನಿಲ್ಲದವನಿಗೆ ಬಾಗಿಲೇ ಇರಲಿಲ್ಲ.

ಮೋಸದ ಬಗ್ಗೆಯೂ ಹೇಳದೆ ವಿಧಿಯಿಲ್ಲ. ಥಾಯ್ಲೆಂಡಿನಲ್ಲಿ ಐಟಿ ಕೆಲಸ ಎಂದು ಸಾಮಾಜಿಕ ಜಾಲತಾಣಗಳ ಮೂಲಕ ಕರೆದು, ಯುವಕರನ್ನು ಮ್ಯಾನ್ಮಾರ್‌ಗೆ ಸಾಗಿಸಿ ಸೈಬರ್ ವಂಚನೆ ಮಾಡಿಸುತ್ತಿದ್ದ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯವೇ 2022ರ ಸೆಪ್ಟೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಗಲ್ಫಿಗೆ ಹೋಗುವುದು ವಾಡಿಕೆಯಾಗಿರುವ ಶಿರೂರು, ಗಂಗೊಳ್ಳಿ, ಬೈಂದೂರಿನ ಮನೆಗಳಲ್ಲಿ ಇದು ಗೊತ್ತಿರಬೇಕು. ವಿದೇಶಕ್ಕೆ ಕಳಿಸುವ ಏಜೆಂಟ್ ನೋಂದಾಯಿತನೇ ಎಂಬುದನ್ನು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಹಣ ಎಂದು ಮೊದಲೇ ದುಡ್ಡು ಕೇಳುವ ಕೆಲಸ ಕೆಲಸವಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹುಡುಗಿಯರಿಗೆ ಇನ್ನೊಂದು ಕಾಟ: ಕೆಲಸದ ತಾಣದಲ್ಲಿ ಬಂದು ‘ಫೋಟೊ ಚೆನ್ನಾಗಿದೆ’ ಎನ್ನುವವರು. ಉತ್ತರ ಕೊಡಬೇಕಾಗಿಲ್ಲ, ತಡೆಹಿಡಿಯಲು ಒಂದು ಗುಂಡಿ ಇದೆ, ದೂರು ಕೊಡಲು ಇನ್ನೊಂದು. ಫೋನ್ ನಂಬರನ್ನು ಪ್ರೊಫೈಲಿನಲ್ಲಿ ಹಾಕದಿರುವುದು ಮೇಲು.

ಈಗಿರುವ ಕಚೇರಿಯವರಿಗೆ ತಿಳಿಯಬಾರದೆಂದಿದ್ದರೆ ಫೋಟೊದ ಸುತ್ತ ಬರುವ ‘ಓಪನ್ ಟು ವರ್ಕ್’ ಎಂಬ ಹಸಿರು ಬಳೆ ಬೇಡ. ಅದನ್ನು ನೇಮಕಾತಿಯವರಿಗೆ ಮಾತ್ರ ಕಾಣುವಂತೆ ಇಡಬಹುದು, ಹೋಗಲು ಸಿದ್ಧವಿರುವ ಊರು ಬೆಂಗಳೂರು ಎಂದು ಅಲ್ಲೇ ಸೇರಿಸಬಹುದು. ಸೇರಿಸದಿದ್ದರೆ ಕುಂದಾಪುರದವಳೆಂದು ಹುಡುಕಾಟದಲ್ಲೇ ಬಿಟ್ಟುಹೋಗುತ್ತಾಳೆ.

ಕೊನೆಗೆ ಪತ್ರ ಬರೆಯುವುದು. ಬಿಟ್ಟಿ ಖಾತೆಯಲ್ಲಿ ಕೋರಿಕೆಯ ಜೊತೆ ಸ್ವಂತ ಟಿಪ್ಪಣಿ ಕಳಿಸುವ ಅವಕಾಶ ತಿಂಗಳಿಗೆ ಕೆಲವೇ ಸಲ. ಹಾಗಾಗಿ ಆರಿಸಿ ಬರೆಯಬೇಕು. ‘ದಯವಿಟ್ಟು ಕೆಲಸ ಕೊಡಿಸಿ, ರೆಸ್ಯೂಮೆ ಲಗತ್ತಿಸಿದ್ದೇನೆ’ ಎಂದು ಗುರುತಿಲ್ಲದವರಿಗೆ ಬರೆದರೆ ಅವರು ಏನು ಮಾಡಲು ಸಾಧ್ಯ? ಇವಳ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಬದಲಿಗೆ ಅವರು ಎರಡು ನಿಮಿಷದಲ್ಲಿ ಉತ್ತರಿಸಬಹುದಾದದ್ದನ್ನು ಕೇಳಬೇಕು: “ನಮಸ್ಕಾರ ಅಕ್ಕ, ನಾನೂ ಭಂಡಾರ್ಕಾರ್ಸ್‌ನವಳೇ, ಮನೆ ಬೀಜಾಡಿ. ಎರಡು ವರ್ಷದಿಂದ ಜಿಎಸ್‌ಟಿ ಕೆಲಸ ಮಾಡುತ್ತಿದ್ದೇನೆ. ನಿಮ್ಮ ತಂಡದಲ್ಲಿ ನನ್ನಂಥವರಿಗೆ ಟ್ಯಾಲಿ ಸಾಕಾಗುತ್ತದೆಯೇ, ಎಸ್‌ಎಪಿ ಕಲಿತೇ ಬರಬೇಕೇ?” ಕುಂದಾಪುರದವರು ಎಂದು ಖಾತ್ರಿಯಿದ್ದರೆ ಕನ್ನಡದಲ್ಲೇ ಬರೆಯಲಿ. ದಿನವಿಡೀ ಇಂಗ್ಲಿಷ್ ಸಂದೇಶಗಳನ್ನೇ ತಳ್ಳಿಹಾಕುವ ಬೆರಳು ಬೀಜಾಡಿ ಎಂಬ ಹೆಸರು ಕಂಡ ಕೂಡಲೇ ನಿಲ್ಲುತ್ತದೆ. ಕೆಲಸ ಖಾಲಿಯಾದಾಗ ನೌಕರರೇ ಗುರುತಿನವರನ್ನು ಸೂಚಿಸುವ ಪದ್ಧತಿ ಬೆಂಗಳೂರಿನ ಬಹಳ ಕಂಪನಿಗಳಲ್ಲಿದೆ, ಅವರು ಆಯ್ಕೆಯಾದರೆ ಸೂಚಿಸಿದವರಿಗೆ ಇನಾಮೂ ಇದೆ. ಹಾಗಾಗಿ ಆ ಅಕ್ಕನಿಗೂ ಇದು ಬರೀ ಉಪಕಾರವಲ್ಲ.

ಉತ್ತರ ಬಾರದಿದ್ದರೆ ಒಂದು ವಾರ ಬಿಟ್ಟು ಒಮ್ಮೆ ನೆನಪಿಸುವುದು. ಆಗಲೂ ಬಾರದಿದ್ದರೆ ಅಲ್ಲಿಗೇ ಬಿಟ್ಟು ಪಟ್ಟಿಯ ಮುಂದಿನ ಹೆಸರಿಗೆ ಹೋಗುವುದು.